ಅಮ್ಮನ ಕಾಲಿನ ನೀರು

ಕೋಪಕ್ಕೆ ಜ್ಞಾಪಕಶಕ್ತಿಯ ಅಗತ್ಯವಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ. ಮೈಸೂರಿನಲ್ಲಿ ಬಿ.ಎಸ್‌ಸಿ. ಓದಿ, ಭದ್ರಾವತಿಯ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ದಿನವಿಡೀ ಗಾಜಿನ ಕೊಳವೆ ಅಲ್ಲಾಡಿಸುವವನು ನಾನು. ಓದಿದ್ದರಲ್ಲಿ ಅರ್ಧ ಮರೆತಿದ್ದೇನೆ. ಉಳಿದರ್ಧ ಸರಿಯಾಗಿ ನೆನಪಿದೆಯೇ ಎಂಬುದು ಅನುಮಾನ. ವಾದಕ್ಕೆ ನಿಂತಾಗ ಮಾತ್ರ ಈ ಅನುಮಾನ ಎಲ್ಲಿಗೋ ಓಡಿಹೋಗುತ್ತದೆ. ನೆನಪು ಕೈಕೊಟ್ಟ ಜಾಗದಲ್ಲಿ ದನಿ ಏರಿಸಿದರೆ ಸಾಕು, ಕೇಳುವವರು ಅದನ್ನೇ ವಿದ್ವತ್ತು ಅಂದುಕೊಳ್ಳುತ್ತಾರೆ.

ಈ ಸಲ ನವರಾತ್ರಿಯ ಹೊತ್ತಿಗೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯಲ್ಲಿ ಅಮ್ಮನ ಕಾಲುಗಳು ಊದಿಕೊಂಡವು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಅಪ್ಪನ ಕೊನೆಗಾಲದಲ್ಲೂ ಕಾಲು ಹೀಗೇ ಊದಿತ್ತು. ನನಗೆ ಭಯವಾಯಿತು. ಭಯವಾದರೆ ಉಳಿದವರು ಬೆವರುತ್ತಾರೆ, ನನಗೆ ಸಿಟ್ಟು ಬರುತ್ತದೆ. ಹುಣಸೆ ಎಲೆ ಬಿಸಿ ಮಾಡಿ ಕಟ್ಟಿ ಎಂದ ಪಕ್ಕದ ಮನೆಯವರ ಮೇಲೆ ಹಾರಾಡಿದೆ. ನೀರು ಕುಡಿಸಬೇಡಿ ಎಂದ ಇನ್ನೊಬ್ಬರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದೆ. ಆಮೇಲೆ ಹೆಂಡತಿ ಸುಶೀಲಳನ್ನು ಕೂರಿಸಿಕೊಂಡು ಪಾಠ ಶುರುಮಾಡಿದೆ.

"ಶರೀರದಲ್ಲಿ ಎರಡು ಒತ್ತಡ ಇರತ್ತೆ ಕಣೇ. ಒಂದು ಹೈಡ್ರೋಸ್ಟ್ಯಾಟಿಕ್ಕು. ಗುಂಡಿಗೆ ತಳ್ಳೋ ಜೋರಿಗೆ, ರಕ್ತದ ಭಾರಕ್ಕೆ, ಸಣ್ಣ ನಾಳದ ಗೋಡೆ ದಾಟಿ ನೀರು ಆಚೆ ಬರತ್ತೆ. ನಿಂತೇ ಇದ್ದರೆ ಆ ಭಾರವೆಲ್ಲ ಕಾಲ ಮೇಲೆ."

"ಇನ್ನೊಂದು?"

"ಆಸ್ಮಾಟಿಕ್ಕು."

"ಅದೇನು ಮಾಡತ್ತೆ ರೀ?"

ಅದು ತಳ್ಳುತ್ತದೋ ಎಳೆಯುತ್ತದೋ ನನಗೆ ನೆನಪಾಗಲಿಲ್ಲ. ಒಳಕ್ಕೋ ಹೊರಕ್ಕೋ ಅದೂ ಗೊತ್ತಾಗಲಿಲ್ಲ. "ಅದು ಈಗ ಮುಖ್ಯ ಅಲ್ಲ!" ಎಂದು ಕಿರುಚಿದೆ. ಸುಶೀಲ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದುಹೋದಳು. ಒಲೆ ಹೊತ್ತಿರಲೇ ಇಲ್ಲ.

ನೆನಪಿದ್ದ ಒತ್ತಡಕ್ಕೇ ಚಿಕಿತ್ಸೆ ನಡೆಯಿತು. ಅಮ್ಮ ನಿಲ್ಲಬಾರದು, ನಡೆಯಬಾರದು. ಮಂಚದ ಕಾಲ್ದೆಸೆಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದೆ. ಅಮ್ಮ ಮೆಲ್ಲಗೆ ಜಾರುತ್ತ ಬಂದು ತಲೆಯನ್ನು ಗೋಡೆಗೆ ತಗುಲಿಸಿಕೊಂಡು, "ಲೋ ಶೀನ, ಇದೇನು ಮಂಚವೋ ಜಾರುಬಂಡೆಯೋ?" ಎಂದಳು. ಮಾತಾಡಬಾರದು ಎಂದು ಅವಳ ಮೇಲೂ ರೇಗಿದೆ. ಅಷ್ಟು ಮಾಡಿದರೂ ಊತ ಇಳಿಯಲಿಲ್ಲ. ಬೆಳಗ್ಗೆ ಎದ್ದರೆ ಕಣ್ಣಿನ ರೆಪ್ಪೆಗಳೂ ದಪ್ಪಗಾಗಿರುತ್ತಿದ್ದವು.

ಶಿವಮೊಗ್ಗದಲ್ಲಿ ನನಗೆ ಗೊತ್ತಿದ್ದ ಡಾಕ್ಟರುಗಳ ಜೊತೆಯೆಲ್ಲ ಜಗಳವಾಡಿ ಮುಗಿದಿತ್ತು. ಹಾಗಾಗಿ ಅಮ್ಮನನ್ನು ರೈಲಿನಲ್ಲಿ ಭದ್ರಾವತಿಗೆ, ನನ್ನ ಕಾಲೇಜಿನ ಗೆಳೆಯ ಡಾಕ್ಟರ್ ನಂಜುಂಡನ ಹತ್ತಿರ ಕರೆದುಕೊಂಡು ಹೋದೆ. ಅವನು ಅಮ್ಮನ ಎದೆಗೆ ಕೊಳವೆ ಇಟ್ಟು ಕೇಳಿದ. ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಸಿ, ಬೆಳಕಿಗೆ ಹಿಡಿದು ನೋಡಿದ. ನಾನು ಇಟ್ಟಿಗೆಯ ಹಿಂದಿನ ಸಿದ್ಧಾಂತವನ್ನು ವಿವರಿಸಿದೆ.

"ಮೊದಲು ಆ ಇಟ್ಟಿಗೆ ತೆಗೆದು ಬಿಸಾಕು ಮಾರಾಯ," ಎಂದ ನಂಜುಂಡ. "ಹೃದಯ ಸರಿಯಾಗಿದೆ, ಮೂತ್ರಪಿಂಡವೂ ಸರಿಯಾಗಿದೆ. ತಳ್ಳೋ ಒತ್ತಡದ ತಪ್ಪಲ್ಲ ಇದು, ಎಳೆಯೋ ಒತ್ತಡದ್ದು. ಮಾವಿನಕಾಯಿ ಹೋಳಿನ ಮೇಲೆ ಉಪ್ಪು ಸುರಿದರೆ ಹೋಳಿನ ನೀರು ಉಪ್ಪಿನ ಕಡೆಗೆ ಬರಲ್ವಾ? ಅದೇ ಆಸ್ಮಾಟಿಕ್ಕು. ನಾಳದಿಂದ ಆಚೆ ಹೋದ ನೀರನ್ನ ವಾಪಸ್ ಎಳ್ಕೊಳೋಕೆ ರಕ್ತದಲ್ಲಿ ಪ್ರೋಟೀನು ಬೇಕು. ಇವರಲ್ಲಿ ಎಳೆಯೋರೇ ಇಲ್ಲ. ಅಮ್ಮಾ, ಊಟಕ್ಕೆ ಏನು ಮಾಡ್ಕೋತೀರಿ?"

"ಅನ್ನ, ತುಪ್ಪ, ಹುಳಿನೀರಿನ ಸಾರು. ಚಾತುರ್ಮಾಸ್ಯ ಅಲ್ವೇನಪ್ಪ?"

ಚಾತುರ್ಮಾಸ್ಯದಲ್ಲಿ ನಮ್ಮವರು ಒಂದು ತಿಂಗಳು ತರಕಾರಿ, ಇನ್ನೊಂದು ತಿಂಗಳು ಮೊಸರು, ಮತ್ತೊಂದು ತಿಂಗಳು ಹಾಲು, ಕೊನೆಗೆ ಬೇಳೆಕಾಳು, ಹೀಗೆ ಸರದಿಯಲ್ಲಿ ಬಿಡುತ್ತಾರೆ. ಒಂದು ಹೋದಾಗ ಇನ್ನೊಂದು ಬರುತ್ತದೆ. ನಂಜುಂಡನಿಗೂ ಇದು ಗೊತ್ತು. "ಈ ತಿಂಗಳು ಹಾಲು ತಾನೇ ಬಿಡೋದು? ಬೇಳೆ ತಿನ್ನಬಹುದಲ್ಲ?" ಎಂದ.

"ನಾನು ನಾಲ್ಕನ್ನೂ ಮೊದಲನೇ ದಿನದಿಂದಲೇ ಬಿಟ್ಟಿದೀನಿ. ಹರಕೆ."

ನನ್ನ ಸಿಟ್ಟು ನೆತ್ತಿಗೇರಿತು. ಮಡಿಯೆಂದು ತಾನೇ ಬೇಯಿಸಿಕೊಂಡು, ಎಲ್ಲರ ಊಟ ಆದಮೇಲೆ ಒಬ್ಬಳೇ ಉಣ್ಣುವ ಅಮ್ಮನ ಮೇಲೆ, ಪಂಚಾಂಗದ ಮೇಲೆ, ಅವಳ ಊಟದೆಲೆಯತ್ತ ಒಂದು ದಿನವೂ ಇಣುಕದ ನನ್ನ ಮೇಲೆ. ಇದೆಂಥ ಮೌಢ್ಯ, ಯಾವ ದೇವರಿಗೆ ಬೇಕಾಗಿತ್ತು ಈ ಬೇಳೆ, ಯಾರಿಗೋಸ್ಕರ ಈ ಹರಕೆ ಎಂದು ಕೂಗಾಡಿದೆ. ಹೊರಗಿನ ಬೆಂಚಿನಲ್ಲಿ ಕೂತಿದ್ದ ರೋಗಿಗಳು ಎದ್ದು ಬಂದು ಬಾಗಿಲಲ್ಲಿ ನಿಂತರು.

ಅಮ್ಮ ನಾನು ಮುಗಿಸುವವರೆಗೂ ಕಾದಳು. "ನಿನ್ನ ಕೋಪ ಇಳೀಲಿ ಅಂತ ಕಣೋ," ಎಂದಳು. "ಅದು ಇಳಿಯೋ ತನಕ ತರಕಾರಿ, ಬೇಳೆ, ಹಾಲು, ಮೊಸರು ಮುಟ್ಟಲ್ಲ ಅಂತ ದೇವರ ಮುಂದೆ ಹೇಳಿದೀನಿ."

ನಂಜುಂಡ ಔಷಧಿ ಚೀಟಿಯ ಮೇಲೆ ಪೆನ್ನು ಹಿಡಿದವನು ಹಾಗೇ ನಿಲ್ಲಿಸಿದ. "ಇದನ್ನ ಯಾರ ಹೆಸರಿಗೆ ಬರೀಲಿ ಮಾರಾಯ?"

ಕೊನೆಗೆ ಅವನೇ ನಡುವೆ ನಿಂತು ರಾಜಿ ಮಾಡಿಸಿದ. ನಾನು ಸಿಟ್ಟಾಗದ ದಿನ ಅಮ್ಮ ತೊವ್ವೆ, ಮೊಸರು ಉಣ್ಣಬೇಕು. ಸಿಟ್ಟಾದ ದಿನ ಬರೀ ಹುಳಿನೀರು. ವಿಶ್ವವಿದ್ಯಾನಿಲಯದಲ್ಲಿ ತರ್ಕ ಕಲಿತ ನಾನು, ರಕ್ತದ ಪ್ರೋಟೀನಿಗೂ ನನ್ನ ಮುಖಭಾವಕ್ಕೂ ಸಂಬಂಧವಿದೆಯೆಂದು ಒಪ್ಪಿ ಮನೆಗೆ ಬರಬೇಕಾಯಿತು.

ಊತ ನಿಧಾನವಾಗಿ ಇಳಿಯುತ್ತಿದೆ. ನನ್ನ ಸ್ಥಿತಿ ಹೇಳಬಾರದು. ಸಂಜೆಯ ರೈಲು ತಡವಾದರೆ ನಗುತ್ತೇನೆ, ಮೇಲಧಿಕಾರಿ ಬೈದರೆ ನಗುತ್ತೇನೆ. ಸುಶೀಲ ಮೊನ್ನೆ, "ರೀ, ಹಲ್ಲು ನೋವಾ?" ಎಂದು ಕೇಳಿದಳು.

ಅಮ್ಮ ಉಣ್ಣುವಾಗ ನಾನು ದೂರದಲ್ಲಿ ಎದುರಿಗೆ ಕೂರಬೇಕು. ನಿನ್ನೆ ಕಾರ್ಖಾನೆಯಲ್ಲಿ ನಾನು ಇಡೀ ವಾರ ಪರೀಕ್ಷೆಗೆಂದು ಸಿದ್ಧಮಾಡಿದ್ದ ದ್ರಾವಣವನ್ನು ಯಾರೋ ಮೋರಿಗೆ ಚೆಲ್ಲಿದ್ದರು. ಆದರೂ ಮುಖವನ್ನು ತೊಳೆದಿಟ್ಟ ತಟ್ಟೆಯ ಹಾಗೆ ಮಾಡಿಕೊಂಡು ಕೂತಿದ್ದೆ. ಅಮ್ಮ ಅನ್ನಕ್ಕೆ ತೊವ್ವೆ ಕಲಸಿ, ತುತ್ತನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿ ಕೇಳಿದಳು:

"ಕೋಪ ಇಲ್ಲ ತಾನೇ?"

"ಇಲ್ಲಮ್ಮ."

"ಹಾಗಾದರೆ ಮುಷ್ಟಿ ಬಿಚ್ಚು. ಆಮೇಲೆ ಉಣ್ತೀನಿ."

ಬಿಚ್ಚಿದೆ.