ಮೊಸಳೆ ಎನಿಸಿಕೊಂಡ ಹಲ್ಲಿ ಮರಿ

ದನದ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ನನ್ನದು. ಇಷ್ಟು ವರ್ಷ ಪ್ರಾಣಿಗಳು ನನಗೆ ಒಂದು ದಿನವೂ ಬೇಸರ ತರಿಸಿಲ್ಲ. ಅವುಗಳ ಜತೆ ಬರುವ ಮನುಷ್ಯರು ಮಾತ್ರ ವಾರಕ್ಕೊಮ್ಮೆಯಾದರೂ ತಲೆ ಚಚ್ಚಿಕೊಳ್ಳುವಂತೆ ಮಾಡುತ್ತಾರೆ. ಹೋದ ಬೇಸಿಗೆಯಲ್ಲಿ ಅಷ್ಟಕ್ಕೂ ಕಾರಣವಾದದ್ದು ಕಿರುಬೆರಳುದ್ದದ ಒಂದು ಹಲ್ಲಿ ಮರಿ.

೧. ಗಾಜಿನ ಭರಣಿ

ಮೌಳಂಗಿ ಕಡೆಯ ಒಂದು ಹೋಂಸ್ಟೇಗೆ ಅವರ ನಾಯಿಯ ಗಾಯ ತೊಳೆಯಲು ಹೋಗಿದ್ದೆ. ಬಾಗಿಲಲ್ಲೇ ಮೇಜಿನ ಮೇಲೆ ಉಪ್ಪಿನಕಾಯಿಯ ಗಾಜಿನ ಭರಣಿ. ಅದಕ್ಕೊಂದು ಚೀಟಿ: ‘ಕಾಳಿ ನದಿಯ ಮೊಸಳೆ ಮರಿ’. ಒಳಗಿದ್ದದ್ದು ಹಲ್ಲಿ. ಮುಚ್ಚಳಕ್ಕೆ ಒಂದು ತೂತೂ ಇಲ್ಲ. ತಳದಲ್ಲಿ ಹಳೆಯ ಖಾರದ ಎಣ್ಣೆ. ಮುಚ್ಚಳದ ಸಂದಿಗೆ ಸಿಕ್ಕು ಮುಂದಿನ ಬಲಗಾಲು ಜಜ್ಜಿ ಹೋಗಿತ್ತು. ಓದಿದವರಂತೆ ಕಾಣುವ ಪ್ರವಾಸಿಗರು ಸರದಿಯಲ್ಲಿ ನಿಂತು ಅದರ ಜತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾಲೀಕರ ಅಂಗಿಯ ಬೆನ್ನ ಮೇಲೆ ‘ಪ್ರಾಣಿಪ್ರೇಮಿ’ ಎಂದು ಅಚ್ಚಾಗಿತ್ತು.

“ಇದು ಹಲ್ಲಿ ಅಲ್ರಿ?” ಎಂದೆ.

“ಶ್! ಮೆಲ್ಲಕ ಮಾತಾಡ್ರಿ ಅಕ್ಕಾರ, ಗೆಸ್ಟ್ ಅದಾರ. ಮೊಸಳಿನ ರೀ ಅದು. ಇನ್ನೂ ಸಣ್ಣದೈತಿ.”

“ಹಂಗಾದ್ರ ಫಾರೆಸ್ಟ್‌ನವರಿಗೆ ಫೋನ್ ಮಾಡ್ತೇನಿ. ಮೊಸಳಿ ಹಿಡಿದಿಟ್ಟವರನ್ನ ಜೇಲಿಗೆ ಹಾಕ್ತಾರ.”

ಪ್ರಾಣಿಪ್ರೇಮಿ ಮಾಲೀಕರು ಅಷ್ಟೂ ಗೆಸ್ಟುಗಳಿಗೆ ಕೇಳುವಂತೆ ಕಿರುಚಿದರು: “ಅಯ್ಯ, ನಮ್ಮ ಬಚ್ಚಲಮನಿ ಹಲ್ಲಿ ರೀ ಅದು! ಬೇಕಿದ್ರ ನೀವ ಒಯ್ರಿ!”

೨. ಇಲ್ಲದ ಕಾಲಮ್

ಭರಣಿಯ ಸಮೇತ ದವಾಖಾನೆಗೆ ತಂದೆ. ನಮ್ಮ ಡಾಕ್ಟರ್ ಸಾಹೇಬರು ಮರಿಯನ್ನು ನೋಡಲಿಲ್ಲ, ರಿಜಿಸ್ಟರ್ ನೋಡಿದರು. ದನ, ಎಮ್ಮೆ, ಆಡು, ಕುರಿ, ಕೋಳಿ, ನಾಯಿ.

“ಹಲ್ಲಿಗೆ ಕಾಲಮ್ ಇಲ್ಲ. ಕಾಲಮ್ ಇಲ್ಲದ್ದಕ್ಕ ಔಷಧ ಹೆಂಗ ಕೊಡೂದು?”

“ಮುರದದ್ದು ಕಾಲು ಸಾಹೇಬ್ರ, ಕಾಲಮ್ ಅಲ್ಲ.”

ಬಹಳ ಹೊತ್ತು ಯೋಚಿಸಿ ‘ಆಡು, ಮರಿ, ಒಂದು’ ಎಂದು ಬರೆದರು. ಮಾಲೀಕರ ಜಾಗದಲ್ಲಿ ನನ್ನ ಹೆಸರು.

ಸಲಾಯಿನ್ ನೀರಲ್ಲಿ ಹತ್ತಿ ಅದ್ದಿ ಮೈಗಂಟಿದ ಎಣ್ಣೆ ತೆಗೆದೆ. ಸೂಜಿಯ ಮೊನೆಯಷ್ಟು ಮುಲಾಮು ಹಚ್ಚಿ, ದಾರದಷ್ಟು ಅಗಲದ ಪಟ್ಟಿ ಸುತ್ತಿದೆ. ಮನೆಯಲ್ಲಿ ತೂತು ಕೊರೆದ ಡಬ್ಬಿಯೊಳಗೆ ಒದ್ದೆ ಹತ್ತಿ ಇಟ್ಟು ಮಲಗಿಸಿದೆ. ಮೂರು ದಿನ ಏನೂ ತಿನ್ನಲಿಲ್ಲ. ಹೊಟ್ಟೆ ಅಲುಗುತ್ತದೋ ಇಲ್ಲವೋ ಎಂದು ಗಳಿಗೆಗೊಮ್ಮೆ ನೋಡುವುದೇ ನನ್ನ ಕೆಲಸವಾಯಿತು. ನಾಲ್ಕನೆಯ ದಿನ ನಾನು ಬಿಟ್ಟ ಸೊಳ್ಳೆಯೊಂದನ್ನು ಗಬಕ್ಕನೆ ನುಂಗಿತು. ಅಂದು ನನಗೂ ಊಟ ರುಚಿಸಿತು.

ತಿಂಗಳಾದ ಮೇಲೆ ಲಸಿಕೆ ಹಾಕಲು ಹೊಸದಾಗಿ ಸೇರಿದವರೊಬ್ಬರು ರಿಜಿಸ್ಟರ್ ಹಿಡಿದು ಮನೆಗೇ ಬಂದರು. “ನಿಮ್ಮ ಆಡಿನ ಮರಿಗೆ ಲಸಿಕಿ ಹಾಕೂದೈತ್ರಿ. ಎಲ್ಲೈತಿ?”

ಡಬ್ಬಿ ತೆರೆದು ತೋರಿಸಿದೆ. ಅವರು ಬಗ್ಗಿ ನೋಡಿದರು, ರಿಜಿಸ್ಟರ್ ನೋಡಿದರು, ಮತ್ತೆ ಬಗ್ಗಿ ನೋಡಿದರು.

“ಬಾಳ ಸೊರಗೇತಲ್ರಿ! ಮೇಯಾಕ ಏನ್ ಹಾಕ್ತೀರಿ?”

೩. ನುಡಿದ ಹಲ್ಲಿ

ಪಟ್ಟಿ ಬಿಚ್ಚಿ ಅಡುಗೆಮನೆಯ ಗೋಡೆಗೆ ಬಿಟ್ಟೆ. ಏರುವುದೇನೋ ಏರಿತು, ಆದರೆ ಬಲಗಾಲು ಊರುತ್ತಿರಲಿಲ್ಲ. ಮೂರೇ ಕಾಲಿನ ಓಡಾಟ. ಹೀಗೇ ಉಳಿದುಬಿಡುತ್ತದೇನೋ ಎಂದು ಒಳಗೊಳಗೇ ಸಂಕಟ.

ಪಕ್ಕದ ಮನೆಯ ಅಕ್ಕನಿಗೆ ಬೇರೆಯದೇ ಸಂಕಟ. “ಹಲ್ಲಿ ಯಾರರ ಸಾಕ್ತಾರೇನ್ರಿ? ಅಪಶಕುನ!” ಎಂದು ದಿನವೂ ಮೂಗು ಮುರಿಯುವರು. ಆದರೆ ಫೋನಿನ ಸಿಗ್ನಲ್ ನಮ್ಮ ಅಡುಗೆಮನೆಯ ಕಿಟಕಿಯಲ್ಲೇ ಸಿಗುತ್ತದಾದ್ದರಿಂದ ಅಪಶಕುನದ ಕೆಳಗೇ ಬಂದು ನಿಲ್ಲುವರು. ಆಗ ಅವರ ತಮ್ಮನಿಗೆ ಸನವಳ್ಳಿಯ ಹುಡುಗಿಯನ್ನು ನೋಡಿದ್ದರು. ಆ ತಮ್ಮನನ್ನು ಓಣಿಯವರು ಎಷ್ಟು ಸಲ ಗಟಾರದ ಪಕ್ಕದಿಂದ ಎತ್ತಿ ತಂದಿದ್ದಾರೋ ಲೆಕ್ಕವಿಲ್ಲ.

ಅಂದು ಹುಡುಗಿಯ ತಾಯಿಯ ಜತೆ ಸ್ಪೀಕರ್ ಹಾಕಿಕೊಂಡು ಮಾತು. “ನಮ್ಮ ತಮ್ಮ ಒಂದ ಹನಿ ಮುಟ್ಟಂಗಿಲ್ರಿ. ವಾಸನಿ ಕಂಡ್ರನೂ ಆಗಂಗಿಲ್ಲ.”

ಮೇಲಿನಿಂದ ಲೊಚ್ ಲೊಚ್ ಎಂದಿತು.

ಅಕ್ಕ ಕಿಟಕಿಯ ಚೌಕಟ್ಟನ್ನು ಬೆರಳಿಂದ ತಟ್ಟಿ, “ಕೇಳ್ರಿ, ಹಲ್ಲಿ ನುಡೀತು! ಖರೆ ಅಂತ!” ಎಂದರು.

ನುಡಿದ ಹಲ್ಲಿ ಹಿಡಿತ ತಪ್ಪಿ ನೇರ ಅವರ ನೆತ್ತಿಯ ಮೇಲೆ ಬಿತ್ತು. ಅಲ್ಲಿಂದ ಕಟ್ಟೆಗೆ ಹಾರಿ, ಗೋಡೆ ಏರಿ ಕ್ಯಾಲೆಂಡರಿನ ಹಿಂದೆ ಓಡಿತು. ನಾಲ್ಕೂ ಕಾಲು ಊರಿ! ನನ್ನ ಕಣ್ಣಲ್ಲಿ ನೀರು. ಅಕ್ಕನ ಮುಖದಲ್ಲಿ ರಕ್ತವೇ ಇಲ್ಲ. ಗಾಬರಿಯಲ್ಲಿ ಫೋನ್ ಕಟ್ ಮಾಡಿಬಿಟ್ಟಿದ್ದರು.

“ತಲಿ ಮ್ಯಾಲ ಬಿದ್ರ ಏನಾಗ್ತೈತ್ರಿ?”

“ಸುಳ್ಳ ಹೇಳಿದವರ ತಲಿ ಮ್ಯಾಲ ಬಿದ್ರ ಬಾಳ ಕೆಟ್ಟಂತ್ರಿ” ಎಂದು ನಿಂತ ಕಾಲಲ್ಲೇ ಒಂದು ಶಾಸ್ತ್ರ ಹುಟ್ಟಿಸಿದೆ.

ಅಕ್ಕ ಸ್ಪೀಕರ್ ಹಾಕಿಯೇ ಹುಡುಗಿಯ ತಾಯಿಗೆ ಮತ್ತೆ ಫೋನ್ ಹಚ್ಚಿದರು. “ಹಲೋ… ನಮ್ಮ ತಮ್ಮ ಹಬ್ಬಕ್ಕೊಮ್ಮೆ ಕುಡೀತಾನ್ರಿ. ಹಬ್ಬ ಅಂದ್ರ… ಅವಗ ವಾರದಾಗ ನಾಕ ಬರ್ತಾವ್ರಿ.”

ಆ ಕಡೆಯಿಂದ ತಾಯಿ, “ಯಾಕ್ರಿ ಅಕ್ಕಾರ, ಒಮ್ಮಿಂದೊಮ್ಮೆಲೆ ಖರೆ ಹೇಳಾಕ ಹತ್ತೀರಿ?”

“ಸುಳ್ಳ ಹೇಳಿದ್ದಕ್ಕ ತಲಿ ಮ್ಯಾಲ ಹಲ್ಲಿ ಬಿತ್ರಿ.”

“ಅಯ್ಯ ಶಿವನ! ತಡೀರಿ, ನಮ್ಮ ಹುಡುಗಿ ಬಗ್ಗೆ ಹೊರಗ ಅಂಗಳಕ್ಕ ಹೋಗಿ ಹೇಳ್ತೇನಿ. ನಮ್ಮ ಜಂತಿಯಾಗ ಆರು ಹಲ್ಲಿ ಅದಾವು.”