ಮರುಭೂಮಿ ನೋಡಿ ಬಂದ ಪಂಚಾಯಿತಿ

ಕುಡಿಯುವ ನೀರಿನ ಕೊರತೆ ಇರುವ ಪಂಚಾಯಿತಿಯು ತನಗಿಂತ ಹೆಚ್ಚು ಕೊರತೆ ಇರುವ ಪ್ರದೇಶವನ್ನು ಖುದ್ದಾಗಿ ನೋಡಿ ಬಾರದ ಹೊರತು ಪೈಪು ಖರೀದಿಸತಕ್ಕದ್ದಲ್ಲ. ಅಂತರಸಂತೆಯಿಂದ ಒಳಕ್ಕೆ, ಕಾಡಂಚಿನಲ್ಲಿರುವ ಗೌಜಲಮಾಳ ಪಂಚಾಯಿತಿ ಈ ನಿಯಮವನ್ನು ಅಂಗೀಕರಿಸಿದ್ದು, ಸದಸ್ಯೆ ದೊಡ್ಡತಾಯಮ್ಮ ತನ್ನ ಕೇರಿಯ ನಲ್ಲಿಗೆ ನೀರು ಬಿಡಿಸಿಕೊಡಿ ಎಂದು ಕೇಳಿದ ದಿನವೇ.

ಕೇರಿಗೆ ನಲ್ಲಿ ಬಂದಿತ್ತು, ಅದರ ಉದ್ಘಾಟನೆಯೂ ಆಗಿತ್ತು. ನೀರೊಂದು ಬಂದಿರಲಿಲ್ಲ. ಹೆಂಗಸರು ಕಾಡಿನ ಪಕ್ಕದ ಕಟ್ಟೆಗೇ ಹೋಗಬೇಕಿತ್ತು. ಅಲ್ಲಿ ಆನೆ ಅಟ್ಟಿಸಿಕೊಂಡು ಬಂದು ದೊಡ್ಡತಾಯಮ್ಮನ ಸೊಸೆ ಶೋಭಾ ಬಿದ್ದು ಕೈ ಮುರಿದುಕೊಂಡಳು. ಸಭೆಯು ವಿಷಾದ ವ್ಯಕ್ತಪಡಿಸಿ, ಆನೆಗೆ ಯಾವುದೇ ಹಾನಿಯಾಗದಿದ್ದುದಕ್ಕೆ ಸಮಾಧಾನ ಸೂಚಿಸಿತು.

“ಪೈಪು ಹಾಕ್ಸದು ದೊಡ್ಡ ಮಾತಲ್ಲ ಕಣವ್ವ,” ಎಂದರು ಅಧ್ಯಕ್ಷ ಸುನೀಲ್ಕುಮಾರ್. “ನೀರಿನ ಬೆಲೆ ಗೊತ್ತಿಲ್ದೆ ನೀರು ಕೊಡಕಾಯ್ತದಾ? ಮೊದ್ಲು ಮರುಭೂಮಿ ನೋಡ್ಕೊಂಡ್ ಬರವ.”

“ನೀರಿನ ಬೆಲೆ ನಂಗೊತ್ತು ಕಣಪ್ಪ.”

“ನಿಂಗೊತ್ತು. ಪಂಚಾಯ್ತಿಗೆ ಗೊತ್ತಾಗ್ಬೇಕಲ್ಲ.”

ಮಹಿಳಾ ಸದಸ್ಯೆ ಇಲ್ಲದ ಅಧ್ಯಯನ ಪ್ರವಾಸ ಅಸಿಂಧುವೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಶಾಂತಲಾ ತಿಳಿಸಿದ್ದರಿಂದ ದೊಡ್ಡತಾಯಮ್ಮನನ್ನೂ ರೈಲು ಹತ್ತಿಸಲಾಯಿತು.

ಮರುಭೂಮಿಯಲ್ಲಿ ಅಧ್ಯಯನ ಬಿರುಸಾಗಿ ನಡೆಯಿತು. ಮೊದಲು ಮರಳ ದಿಬ್ಬದ ಮೇಲಿನ ಸೂರ್ಯಾಸ್ತವನ್ನು ಅಧ್ಯಯನ ಮಾಡಲಾಯಿತು. ಆಮೇಲೆ ಹಳದಿ ಕಲ್ಲಿನ ಕೋಟೆ, ಕೋಟೆಯ ಬಾಗಿಲಲ್ಲಿ ಮಾರುವ ಕುಲ್ಫಿ. ಕೆಂಪು ಪೇಟ ಸುತ್ತಿಕೊಂಡ ಅಧ್ಯಕ್ಷರು ಒಂಟೆಯ ಮೇಲಿದ್ದಾಗ ಅದು ಹೇಳದೆ ಕೇಳದೆ ಮುಂಗಾಲು ಮಡಿಸಿದ್ದರಿಂದ, ಅವರು ಮಣ್ಣಿನ ಗುಣವನ್ನೂ ತೀರ ಹತ್ತಿರದಿಂದ ಪರಿಶೀಲಿಸಿದರು. ಸಂಜೆ ಹೆಂಗಸರು ತಲೆಯ ಮೇಲೆ ಗಡಿಗೆಯ ಮೇಲೆ ಗಡಿಗೆ ಹೊತ್ತು ಕುಣಿದರು. ಸದಸ್ಯರೆಲ್ಲ ಚಪ್ಪಾಳೆ ತಟ್ಟಿದರು.

“ಖಾಲಿ ಗಡ್ಗೆ ಕಣ್ರವ್ವ,” ಎಂದಳು ದೊಡ್ಡತಾಯಮ್ಮ, ಪಕ್ಕದಲ್ಲಿದ್ದ ಶಾಂತಲಾಗೆ. “ತುಂಬಿದ್ರೆ ಅಂಗೆ ಕುಣಿಯಕಾಗಲ್ಲ.”

ಕೊನೆಯ ದಿನ ಮರಳಿನ ನಡುವಿನ ಹಳ್ಳಿಯೊಂದಕ್ಕೆ ಕರೆದೊಯ್ದರು. ಅಲ್ಲೊಂದು ನಲ್ಲಿ ಕಂಡು ದೊಡ್ಡತಾಯಮ್ಮ ಸುಮ್ಮನೆ ತಿರುಗಿಸಿದಳು. ನೀರು ಭರ್ರನೆ ಬಂತು. ಬೇರೆಯವರ ಸಾಮಾನು ಕೆಡಿಸಿದವಳಂತೆ ಹಿಂದೆ ಸರಿದು ಸುತ್ತ ನೋಡಿದಳು. ಯಾರೂ ಬೈಯಲಿಲ್ಲ. ಮುಖ ತೊಳೆದಳು, ಕಾಲು ತೊಳೆದಳು, ಇನ್ನೇನು ತೊಳೆಯಬೇಕೆಂದು ತಿಳಿಯದೆ ಚಪ್ಪಲಿಯನ್ನೂ ತೊಳೆದಳು.

ಇದನ್ನು ನೋಡುತ್ತಿದ್ದ ಆ ಊರಿನ ಪಂಚಾಯಿತಿ ಮುಖ್ಯಸ್ಥೆ ಗೈಡ್ ಮೂಲಕ ಕೇಳಿದರು: “ನಿಮ್ಮ ಕಡೆ ನದಿ ಇಲ್ಲವೆ?”

“ಅದೆ. ಕಬಿನಿ.”

“ಮಳೆ?”

“ಬತ್ತದೆ.”

“ನಲ್ಲಿ?”

“ಅದೂ ಅದೆ.”

ಮುಖ್ಯಸ್ಥೆ ಗೈಡನ್ನು ಹತ್ತಿರ ಕರೆದರು. ತಮ್ಮೂರಿಗೆ ಕಾಲುವೆ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ನೀರಿಲ್ಲದೆ ಬದುಕುವುದೇ ಗೊತ್ತಿಲ್ಲ, ಹಳೆಯ ಸಂಸ್ಕೃತಿ ಮರೆತೇ ಹೋಗುತ್ತಿದೆ, ಅವರನ್ನು ನಿಮ್ಮೂರಿಗೆ ಕರೆತರಬಹುದೆ ಎಂದರು. ಸುನೀಲ್ಕುಮಾರ್ ಪೇಟ ಸರಿಪಡಿಸಿಕೊಂಡು, ಕೈಮುಗಿದು ಆಹ್ವಾನಿಸಿದರು.

ದೊಡ್ಡತಾಯಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಅಷ್ಟು ದೂರದವರು ಬಂದು ಒಣಗಿದ ನಲ್ಲಿ ನೋಡಿದರೆ, ನಾಚಿಕೆಗಾದರೂ ಪೈಪು ಬರುತ್ತದೆ ಎಂದುಕೊಂಡಳು. ಊರಿಗೆ ಮರಳಿದ ಮೇಲೆ ಆಟೋಗೆ ಮೈಕು ಕಟ್ಟಿ ಪ್ರಕಟಣೆ ಹೊರಡಿಸಲಾಯಿತು:

“ಮರುಭೂಮಿಯ ಗಣ್ಯರು ಬಂದು ಹೋಗುವವರೆಗೆ ನಲ್ಲಿಯನ್ನು ಯಾರೂ ದುರಸ್ತಿ ಮಾಡತಕ್ಕದ್ದಲ್ಲ. ಹೆಂಗಸರು ಬಣ್ಣದ ಸೀರೆಯುಟ್ಟು, ಕೊಡ ಹೊತ್ತು, ಸಾಲಾಗಿ ನಡೆಯತಕ್ಕದ್ದು. ಮುಖದಲ್ಲಿ ಆಯಾಸ ಇರಲಿ. ಅತಿಯಾಗದಿರಲಿ.”

ಗಣ್ಯರು ಬಂದರು. ನಲ್ಲಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅವರ ಮಕ್ಕಳು ಕೊಡ ಹೊತ್ತು ನೋಡಿ, ಭಾರ ಎಂದು ಇಳಿಸಿದರು. ಶೋಭಾಳ ಕಟ್ಟು ಹಾಕಿದ ಕೈಯನ್ನು ನೋಡಿ, ಆನೆಯೂ ಕಾರ್ಯಕ್ರಮದಲ್ಲಿ ಇದೆಯೆ ಎಂದು ಕೇಳಿದರು. ಅವರ ಸ್ನಾನಕ್ಕೆಂದು ಪಂಚಾಯಿತಿ ಟ್ಯಾಂಕರ್ ತರಿಸಿತ್ತು. ಅವರು ಹೊರಟ ಮೇಲೆ ಅರ್ಧ ಟ್ಯಾಂಕರ್ ನೀರು ಉಳಿಯಿತು. ಕೇರಿಯವರು ಕೊಡ, ಬಕೆಟ್, ಹಂಡೆ, ಕೊನೆಗೆ ಪಾಯಸ ಮಾಡುವ ಪಾತ್ರೆಗೂ ತುಂಬಿಕೊಂಡರು. ಶೋಭಾ ತಲೆಗೆ ನೀರು ಹಾಕಿಕೊಂಡಳು.

ದೊಡ್ಡತಾಯಮ್ಮ ಕಟ್ಟೆಗೆ ನೀರು ತರಲು ಹೋಗಿದ್ದಾಗ ನಡೆದ ಮುಂದಿನ ಸಭೆಯು ಗೌಜಲಮಾಳವನ್ನು ‘ನೀರಿಲ್ಲದ ಬದುಕಿನ ಅಧ್ಯಯನ ಕೇಂದ್ರ’ವೆಂದು ಘೋಷಿಸಿತು. ಪೈಪು ಹಾಕಿದಲ್ಲಿ ಕೇಂದ್ರಕ್ಕೆ ಧಕ್ಕೆಯಾಗುವುದರಿಂದ ಆ ಬೇಡಿಕೆಯನ್ನು ಕೈಬಿಟ್ಟು, ದೊಡ್ಡತಾಯಮ್ಮನನ್ನು ಕೇಂದ್ರದ ಸಂಪನ್ಮೂಲ ವ್ಯಕ್ತಿಯಾಗಿ ನೇಮಿಸಿತು.

ಸುದ್ದಿ ಕೇಳಿ ದೊಡ್ಡತಾಯಮ್ಮ ಸೆರಗು ಬಿಗಿದು, ಜಗಳಕ್ಕೆಂದೇ ಹೊರಟಳು. ಕೇರಿಯ ಬಾಯಲ್ಲಿ ಪಕ್ಕದ ಮನೆಯ ಕೆಂಪಿ ತಡೆದಳು.

“ಪೈಪ್ಗೆ ಜಗಳ ಆಡಿ ಆಡಿ ಒಂದ್ ತೊಟ್ಟೂ ಬರ್ನಿಲ್ಲ. ಅವ್ರು ಬಂದಿದ್ಕೆ ಹಂಡೆ ತುಂಬ್ತು. ಕೆಡಿಸ್ಬೇಡ ಕಣಕ್ಕ.”

ದೊಡ್ಡತಾಯಮ್ಮ ಬಿಗಿದ ಸೆರಗನ್ನು ಸಡಿಲಿಸಿದಳು. ಆಮೇಲೆ ನಿಧಾನಕ್ಕೆ ನಡೆದು ಪಂಚಾಯಿತಿ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತಳು.

“ಪೈಪ್ ವಿಚಾರ ಬುಡಪ್ಪ. ಈ ತಿಂಗ್ಳು ಯಾವೂರೋರು ಬತ್ತಾರೆ?”

“ಯಾರೂ ಒಪ್ಕೊಂಡಿಲ್ಲ ಕಣವ್ವ,” ಎಂದರು ಸುನೀಲ್ಕುಮಾರ್.

“ಒಪ್ಸು. ದೊಡ್ಡ ತಂಡನೇ ಬರ್ಲಿ. ಆದ್ರೆ ಒಂದೊಂದ್ ಚೊಂಬ್ನಲ್ಲೇ ಸ್ನಾನ ಮುಗ್ಸೋರು ಇರ್ಬೇಕು ಕಣಪ್ಪ, ನಮ್ಗೂ ಒಸಿ ಉಳೀಲಿ.”

ಸಲಹೆ ಯೋಗ್ಯವಾಗಿದೆಯೆಂದು ಅಧ್ಯಕ್ಷರು ಅಭಿಪ್ರಾಯಪಟ್ಟರು. ಶಾಂತಲಾ ಆಹ್ವಾನ ಪತ್ರಿಕೆಗೆ ಆ ಷರತ್ತನ್ನು ಸೇರಿಸಿದರು.