ಈಶಾನ್ಯ ಮೂಲೆಯ ಹಪ್ಪಳ

ನಮ್ಮ ಕಾಕಾ ಟೆನಿಸ್ ಆಡುವುದಿಲ್ಲ, ಟೆನಿಸ್ ಅಳೆಯುತ್ತಾರೆ! ಸರ್ವೇ ಇಲಾಖೆಯಲ್ಲಿದ್ದು ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹೊಲಗಳಲ್ಲೆಲ್ಲ ಸರಪಳಿ ಎಳೆದು ನಿವೃತ್ತರಾದವರು. ನಿವೃತ್ತಿಯ ಮೇಲೂ ಅಳೆಯಲು ಏನಾದರೂ ಬೇಕಲ್ಲ? ಬೈಲಹೊಂಗಲದ ಅವರ ಮನೆಯ ಹಿಂದೆ, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಸಿಮೆಂಟ್ ಅಂಗಳ ಖಾಲಿ ಬಿದ್ದಿತ್ತು. ಮಾಲೀಕರನ್ನು ಕೇಳಿಕೊಂಡು ಗೆರೆ ಹಾಕಿದರು, ನಡುವೆ ನೆಟ್ ಕಟ್ಟಿದರು, ಟೆನಿಸ್ ಕೋರ್ಟ್ ಎಂದು ಘೋಷಿಸಿದರು. ಅಷ್ಟಕ್ಕೇ ಬಿಟ್ಟಾರೆಯೆ? ಹೊಲದ ಗಡಿಗೆ ನೆಡುವ ಹಾಗೆ ನಾಲ್ಕೂ ಮೂಲೆಗೆ ಬಾಂದುಕಲ್ಲು ನೆಟ್ಟರು! ಆ ಕಲ್ಲಿಗೆ ಎಡವಿ ಬೀಳದ ಆಟಗಾರ ನಮ್ಮೂರಲ್ಲಿಲ್ಲ.

ಈ ಅಳತೆಯೆಲ್ಲ ಒಬ್ಬರನ್ನು ಸೋಲಿಸುವುದಕ್ಕಾಗಿ. ಅವರು ಸವದತ್ತಿಯ ನಿವೃತ್ತ ದನದ ಡಾಕ್ಟರು. ಪ್ರತಿ ರವಿವಾರ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾರೆ, ಕಾಕಾನನ್ನು ಸೋಲಿಸುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಜೋರಾಗಿ ಒಂದು ಹೊಡೆತವನ್ನೂ ಹೊಡೆಯುವವರಲ್ಲ. ಒದೆಯುವ ಎಮ್ಮೆಗಳ ನಡುವೆ ಜೀವಮಾನ ಕಳೆದ ಮನುಷ್ಯ. ಎಂಥ ಚೆಂಡು ಕೊಟ್ಟರೂ ಮೆಲ್ಲಗೆ ತಿರುಗಿಸಿ ಕಳಿಸುತ್ತಾರೆ. ಇಪ್ಪತ್ತನೆಯ ಸಲಕ್ಕೆ ಕಾಕಾನ ತಾಳ್ಮೆ ಕೆಟ್ಟು ಚೆಂಡು ಪಕ್ಕದ ಓಣಿಗೆ ಹೋಗುತ್ತದೆ.

"ಒಮ್ಮೆ, ಒಂದs ಒಂದು ಸಲ ಈ ಡಾಕ್ಟರನ್ನ ಗೆದ್ದು ಸಾಯಬೇಕವ್ವಾ," ಎನ್ನುವುದು ಕಾಕಾನ ಏಕೈಕ ಆಸೆ.

ಅದಕ್ಕಾಗಿ ಅವರು ಕುಸ್ತಿಯವರ ಹಾಗೆ ಮೂರು ಪಟ್ಟುಗಳನ್ನು ತಯಾರು ಮಾಡಿ, ಸುತ್ತಲಿನ ಊರುಗಳ ಹೆಸರಿಟ್ಟಿದ್ದಾರೆ. ಅಭ್ಯಾಸಕ್ಕೆ ಡಾಕ್ಟರ ಜಾಗದಲ್ಲಿ ನಿಲ್ಲುವ ಭಾಗ್ಯ ನನ್ನದು. ರಾಮದುರ್ಗದ ಬ್ಯಾಂಕಿನಲ್ಲಿ ನೌಕರಿ ಮಾಡುವ ನಾನು ರಜೆಗೆಂದು ಬಂದರೆ ಊಟದ ತಟ್ಟೆಯಲ್ಲೇ ಪಾಠ ಶುರು. ಜೋಳದ ರೊಟ್ಟಿಯೇ ಕೋರ್ಟು, ಶೇಂಗಾ ಚಟ್ನಿಯ ಗೆರೆಯೇ ನೆಟ್ಟು, ಉಳ್ಳಾಗಡ್ಡಿಯ ಹೋಳು ಡಾಕ್ಟರು.

"ಒಂದನೇದು ಉಗರಗೋಳ. ಸಣ್ಣ ಚೆಂಡು ಹಾಕಿ ಡಾಕ್ಟರನ್ನ ನೆಟ್ಟಿನ ತನಕಾ ಕರಸೂದು, ಆಮ್ಯಾಲ ತಲಿ ಮ್ಯಾಲಿಂದ ಹಿಂದಕ್ಕ ಎತ್ತಿ ಒಗಿಯೂದು. ಆ ಊರ ಮ್ಯಾಲಿನ ಎಲ್ಲಮ್ಮನ ಗುಡ್ಡಾ ಹತ್ತಿಸಿ ಇಳಿಸಿದಂಗ! ಎರಡನೇದು ತೊರಗಲ್. ಅಲ್ಲಿ ಕ್ವಾಟಿಯೊಳಗ ಕುಂತವ್ರಂಗ ಹಿಂದ ನಿಂತು ಎತ್ತರಕ್ಕ, ಉದ್ದಕ್ಕ ಹೊಡಕೋತ ಇರೂದು. ಎದುರಿನವ್ರಿಗೆ ಬ್ಯಾಸರ ಆಗಬೇಕು."

"ಬ್ಯಾಸರ ಯಾರಿಗೆ ಆತ್ರಿ ಕಾಕಾ?"

"ನನಗ ಆತು. ಅದು ಬ್ಯಾರೆ ವಿಷಯ. ಮೂರನೇದು ಕೇಳು. ಕಿತ್ತೂರ ಹೈವೇ! ಎರಡು ಚೆಂಡು ಓರೆಗೆ, ವಾಯವ್ಯಕ್ಕ. ಡಾಕ್ಟರು ಆ ಕಡೆ ಓಡ್ತಾರ. ಮೂರನೇದು ನೆಟ್ಟಗ, ಖಾಲಿ ಬಿದ್ದ ಈಶಾನ್ಯಕ್ಕ. ಡಾಕ್ಟರು ಎಲ್ಲಿ ಅದಾರೀಗ?"

ನಾನು ತಟ್ಟೆ ನೋಡಿದೆ. ದಿಕ್ಕುಗಳ ಗೊಂದಲದಲ್ಲಿ ಡಾಕ್ಟರನ್ನು ತಿಂದುಬಿಟ್ಟಿದ್ದೆ!

ಎಡ, ಬಲ ಎಂದರೆ ನನಗೂ ತಿಳಿದೀತು. ಆದರೆ ಕಾಕಾನಿಗೆ ಎಡಬಲದಲ್ಲಿ ನಂಬಿಕೆಯಿಲ್ಲ. "ಎಡಾ ಬಲಾ ಎಲ್ಲಾ ಸುಳ್ಳವ್ವಾ. ನೀ ಹೊಳ್ಳಿ ನಿಂತ್ರ ಅವೂ ಹೊಳ್ಳತಾವ. ದಿಕ್ಕು ಹಂಗಲ್ಲ, ಎಲ್ಲಿತ್ತೋ ಅಲ್ಲೇ ಇರ್ತೈತಿ." ಅಂಗಳಕ್ಕಿಳಿದರೆ "ಆಗ್ನೇಯ! ಆಗ್ನೇಯ!" ಎಂದು ಕೂಗುತ್ತಾರೆ. ನಾನು ಸೂರ್ಯ ಎಲ್ಲಿದ್ದಾನೆಂದು ಹುಡುಕಿ ಲೆಕ್ಕ ಹಾಕುವಷ್ಟರಲ್ಲಿ ಚೆಂಡು ಬಂದು, ಬಿದ್ದು, ಗೋಡೆಗೆ ಬಡಿದು ನನ್ನ ಕಾಲ ಬಳಿ ಮರಳಿರುತ್ತದೆ.

ಇದಕ್ಕಿಂತ ದೊಡ್ಡ ಗೊಂದಲ ಬೇರೆಯಿತ್ತು. ಡಾಕ್ಟರು ಮನೆಯ ಕಡೆ ನಿಂತಾಗ ಕಿತ್ತೂರ ಹೈವೇ ಎಂದೂ ಪೂರ್ತಿಯಾಗುತ್ತಿರಲಿಲ್ಲ. ಕಾರಣ ನನ್ನ ಚಿಗವ್ವ, ಅಂದರೆ ಕಾಕಾನ ಹೆಂಡತಿ. ಅಡುಗೆ ಮನೆಯ ಹಿಂಬಾಗಿಲು ತೆರೆದರೆ ಸಿಗುವುದೇ ಕೋರ್ಟಿನ ಈಶಾನ್ಯ ಮೂಲೆ. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ. ಮಳೆಗಾಲ ಬಿಟ್ಟರೆ ವರ್ಷವಿಡೀ ಚಿಗವ್ವ ಅಲ್ಲೊಂದು ಹಳೇ ಸೀರೆ ಹಾಸಿ ಹಪ್ಪಳ ಒಣಗಿಸುತ್ತಿದ್ದಳು.

"ಇದು ಕೋರ್ಟ್ ಐತಿ!" ಎಂದು ಕಾಕಾ ಒಮ್ಮೆ ಎಗರಾಡಿದ್ದರು.

"ಕೋರ್ಟ್ ನಿಮ್ದು. ಬಿಸಲು ನಂದು," ಎಂದಿದ್ದಳು ಚಿಗವ್ವ. ಸರ್ವೇ ಸಾಹೇಬರು ಟೇಪು ಸುತ್ತಿಕೊಂಡು ಒಳಗೆ ನಡೆದಿದ್ದರು.

ಚೆಂಡು ಬಿದ್ದು ಹಪ್ಪಳ ಮುರಿದರೆ ಚಿಗವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದು ಚೆಂಡನ್ನು ಜಪ್ತಿ ಮಾಡುತ್ತಿದ್ದಳು. ಮುರಿದ ಚೂರುಗಳಿಗೆ ಬೇರೆಯೇ ಡಬ್ಬಿ. ಆಟ ಮುಗಿದು ಚಹಾ ಬಂದಾಗ ಡಾಕ್ಟರ ತಟ್ಟೆಯಲ್ಲಿ ಇಡೀ ಹಪ್ಪಳ, ಕಾಕಾನ ತಟ್ಟೆಯಲ್ಲಿ ಚೂರು!

"ಡಾಕ್ಟರು ಇಷ್ಟು ವರ್ಷದಾಗ ಒಂದೂ ಮುರದಿಲ್ಲ. ನೋಡಿ ಕಲೀರಿ."

"ಅವ್ರು ಜ್ವಾರಾಗಿ ಹೊಡದ್ರಲ್ಲಾ ಮುರಿಯೂದು!"

ಡಾಕ್ಟರು ಮಾತ್ರ ಏನೂ ಕೇಳಿಸದವರಂತೆ ಕಟುಂ ಕುಟುಂ ತಿನ್ನುತ್ತಿದ್ದರು. ಕಾಕಾ ಬರಬರುತ್ತ ಆ ಮೂಲೆಗೆ ಹೊಡೆಯುವುದನ್ನೇ ಬಿಟ್ಟರು. ಕೇಳಿದರೆ "ಹೈವೇ ಬಂದ್ ಐತಿ, ರಸ್ತಾ ಕೆಲಸಾ ನಡದೈತಿ" ಎನ್ನುತ್ತಿದ್ದರು.

ಹೋದ ವರ್ಷ ಚಿಗವ್ವ ತೀರಿಕೊಂಡಳು. ನಾಲ್ಕು ದಿನ ಜ್ವರ, ಅಷ್ಟೇ. ಕಾಕಾ ರಾಕೆಟ್ಟನ್ನು ಅಟ್ಟಕ್ಕೆ ಹಾಕಿದರು. ಆದರೂ ಡಾಕ್ಟರು ರವಿವಾರ ತಪ್ಪಿಸಲಿಲ್ಲ. ಬರುವುದು, ಕಾಕಾನ ಪಕ್ಕ ಸುಮ್ಮನೆ ಕೂರುವುದು, ಬಸ್ಸಿಗೆ ಹೋಗುವುದು. ಮೂರು ತಿಂಗಳಾದ ಮೇಲೆ ಒಂದು ದಿನ ಅವರೇ ಅಟ್ಟ ಹತ್ತಿ ರಾಕೆಟ್ ಇಳಿಸಿದರಂತೆ. ಆಟ ಮತ್ತೆ ಶುರುವಾಯಿತು, ಕಾಕಾ ಸೋಲುವುದೂ ಶುರುವಾಯಿತು.

ಈಗ ಈಶಾನ್ಯ ಮೂಲೆ ಬರೀ ಸಿಮೆಂಟು. ಸೀರೆಯಿಲ್ಲ, ಹಪ್ಪಳವಿಲ್ಲ. ಆದರೂ ಕಾಕಾ ಅಲ್ಲಿಗೆ ಹೊಡೆಯುತ್ತಿರಲಿಲ್ಲ!

"ಕಾಕಾ, ಈಗ ಹೈವೇ ಖಾಲಿ ಐತಲ್ರಿ?"

"ಬಂದ್ ಐತಿ."

"ಯಾಕ್ರಿ?"

"ಬಂದ್ ಐತಿ ಅಂದ್ರ ಬಂದ್ ಐತಿ!"

ನನಗೆ ತಲೆಬುಡ ತಿಳಿಯಲಿಲ್ಲ. ಮೊಣಕಾಲು ನೋವೇ? ಕಣ್ಣು ಮಂಜಾಗಿದೆಯೇ? ಈಶಾನ್ಯವಲ್ಲವೇ, ಈ ವಯಸ್ಸಿನಲ್ಲಿ ವಾಸ್ತು ಹಿಡಿಯಿತೇ? ಬ್ಯಾಂಕಿನಲ್ಲಿ ಕುಳಿತು ಇದನ್ನೇ ಯೋಚಿಸಿ ಒಬ್ಬರ ಪಾಸ್‌ಬುಕ್ ಇನ್ನೊಬ್ಬರಿಗೆ ಕೊಟ್ಟೆ. ಅಷ್ಟು ದಡ್ಡಿ ನಾನು.

ಮೊನ್ನೆ ರವಿವಾರ ನಾನೇ ಅಂಪೈರು, ಬಾಂದುಕಲ್ಲೇ ನನ್ನ ಪೀಠ. ಡಾಕ್ಟರಿಗೆ ಅದೇನಾಗಿತ್ತೋ, ಕಾಕಾನಿಗೆ ಅದೇನು ಕಳೆ ಬಂದಿತ್ತೋ, ಸೆಟ್ಟು ಐದು-ನಾಲ್ಕು, ಗೇಮು ನಲವತ್ತು-ಮೂವತ್ತಕ್ಕೆ ಬಂತು. ಇನ್ನೊಂದು ಪಾಯಿಂಟ್ ಬಂದರೆ ಕಾಕಾ ಗೆದ್ದಂತೆ! ಡಾಕ್ಟರು ಮನೆಯ ಕಡೆ. ಕಾಕಾ ಓರೆಗೆ ಒಂದು ಹೊಡೆದರು, ಎರಡು ಹೊಡೆದರು. ಡಾಕ್ಟರು ವಾಯವ್ಯದ ತುದಿಯಲ್ಲಿ, ಈಶಾನ್ಯ ಪೂರಾ ಖಾಲಿ. ಹೈವೇ ಬಾಯಿ ತೆರೆದು ಕೂತಿದೆ! ಕಾಕಾ ರಾಕೆಟ್ ಎತ್ತಿದರು, ತಡೆದರು, ಚೆಂಡನ್ನು ತಿರುಗಿಸಿ ಡಾಕ್ಟರ ಕೈಗೇ ಕೊಟ್ಟರು. ನಾನು ತಲೆ ಹಿಡಿದುಕೊಂಡೆ. ಮತ್ತೆ ಓರೆಗೆ, ಮತ್ತೆ ಖಾಲಿ ಮೂಲೆ, ಮತ್ತೆ ಡಾಕ್ಟರ ಕೈಗೆ!

ಮೂರನೆಯ ಸಲ ಡಾಕ್ಟರು ಚೆಂಡು ತಿರುಗಿಸಿದವರೇ ಓಡದೆ ಅಲ್ಲೇ ನಿಂತುಬಿಟ್ಟರು.

"ಹೊಡೀರಿ ಸಾಹೇಬ್ರ," ಎಂದು ಕೂಗಿದರು. ಆ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಹೊಡೀರಿ, ಅಲ್ಲೀಗ ಏನೂ ಇಲ್ರಿ!"

ಕಾಕಾ ಹೊಡೆದರು. ಅದನ್ನು ಹೊಡೆತ ಎನ್ನುವುದೂ ತಪ್ಪು. ಅಷ್ಟು ಮೆಲ್ಲಗೆ ಅವರು ಚೆಂಡನ್ನು ಕಳಿಸಿದ್ದನ್ನು ನಾನೆಂದೂ ನೋಡಿರಲಿಲ್ಲ. ನೆಟ್ ದಾಟಿ, ಈಶಾನ್ಯ ಮೂಲೆಯಲ್ಲಿ ಒಮ್ಮೆ ಪುಟಿದು, ಎರಡನೆಯ ಸಲ ಪುಟಿದು, ಉರುಳಿ ಬಾಗಿಲ ಹೊಸ್ತಿಲಿಗೆ ತಾಗಿ ನಿಂತಿತು.

"ಕಾಕಾ ಗೆದ್ರು!" ಎಂದು ಕುಣಿದೆ. ಕಾಕಾ ನನ್ನತ್ತ ನೋಡಲಿಲ್ಲ, ಡಾಕ್ಟರು ಚಾಚಿದ ಕೈಯನ್ನೂ ನೋಡಲಿಲ್ಲ. ರಾಕೆಟ್ ಕೆಳಗಿಟ್ಟು, ನೆಟ್ ಸುತ್ತಿ ಬಂದು, ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತರು. ಬರೀ ಸಿಮೆಂಟಿನ ಮೇಲೆ ಅಂಗೈ ಆಡಿಸಿ, ಸೀರೆ ಹಾಸುತ್ತಿದ್ದ ಜಾಗವನ್ನೆಲ್ಲ ಸವರಿ ನೋಡಿದರು. ಆಗ ನನಗೆ ತಿಳಿಯಿತು. ತಿಳಿದ ಕೂಡಲೇ ಅಳು ಬಂತು.

ಕಾಕಾ ಅಡುಗೆ ಮನೆಯ ಮುಚ್ಚಿದ ಬಾಗಿಲಿನ ಕಡೆ ಮುಖ ಎತ್ತಿದರು.

"ಒಂದೂ ಮುರದಿಲ್ಲ ನೋಡು," ಅಂದರು.